ವಿಮಾನಶಿಲ್ಪಿ ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಪ್ರತಿ ಸಲವೂ ಒಬ್ಬ ಮಹನೀಯರ ಜೀವನ ವೃತ್ತಾಂತವನ್ನು ಬರೆಯುವ ವಾಡಿಕೆಯುಂಟು. ರಾಣಿಯರು, ಕವಿಗಳು, ವೈದ್ಯರು, ದಾದಿಯರು ಮುಂತಾದವರ ಚರಿತ್ರೆಗಳನ್ನು ಹಿಂದಿನ ಸಂಚಿಕೆಗಳಲ್ಲಿ ವಾಚಕರು ಓದಿರುವರು. ಈ ಸಲ ನಾವು ಆರಿಸಿಕೊಂಡಿರುವವರು ವಿಮಾನಗಳನ್ನು ರಚಿಸಿದ ಒಬ್ಬ ಪಂಡಿತರು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ಇಂಥವರ ಚರಿತ್ರೆಯು ಏತಕ್ಕೆಂದು ಕೆಲವರಿಗೆ ತೋರಬಹುದು. ಆದಕಾರಣ ಅದರ ನಿಮಿತ್ತವನ್ನು ಮೊದಲೇ ಅರಿಕೆ ಮಾಡುತ್ತೇವೆ.

ಕಳೆದ ಮಳೆಗಾಲದ ಕೊನೆಯಲ್ಲಿ ವರದಹಳ್ಳಿಯಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಅವರ ಮಗಳೂ ನಮ್ಮಲ್ಲಿಯೇ ಓದಿದವಳು. ಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ಚೆನ್ನಾಗಿ ತೇರ್ಗಡೆಯಾಗಿ, ಈಗ ವಿಮಾನ ನಡೆಸುವ ವಿದ್ಯೆಯನ್ನು ಕಲಿಯಬೇಕೆಂದು ಹಟ ಹಿಡಿದಿರುವಳು. 2023ನೆಯ ಇಸವಿಯ ಫೆಬ್ರವರಿ 27ರಂದು ಶಿವಮೊಗ್ಗದ ಸಮೀಪದ ಸೋಗಾನೆಯಲ್ಲಿ ವಿಮಾನ ನಿಲ್ದಾಣವು ಆರಂಭವಾದಂದಿನಿಂದ ನಮ್ಮ ಸೀಮೆಯ ಮಕ್ಕಳಿಗೆ ಆಕಾಶವು ಹತ್ತಿರವಾದಂತೆ ತೋರುತ್ತಿರುವುದು ಸಹಜವೇ. ತಾಯಿಗೆ ಮಾತ್ರ ನಿದ್ರೆಯಿಲ್ಲ. ನೂರಾರು ಜನರು ಕುಳಿತು ಹೋಗುವ ದೊಡ್ಡ ವಿಮಾನಗಳ ವಿಷಯದಲ್ಲಿ ಅವರಿಗೆ ಅಷ್ಟು ಭಯವಿಲ್ಲ. ಕಲಿಯುವವರು ಏರುವ ಸಣ್ಣ ವಿಮಾನಗಳು ಬಿದ್ದ ಸುದ್ದಿಯನ್ನು ಆಗಾಗ ಪತ್ರಿಕೆಯಲ್ಲಿ ಓದಿ ಅವರ ಎದೆ ನಡುಗಿತ್ತು. ಸಾಗರದ ಕಾದಂಬರಿಕಾರರಾದ ನಾ. ಡಿಸೋಜ ಅವರ ಕಥೆಯಿಂದ ಸಿದ್ಧವಾದ ದ್ವೀಪ ಎಂಬ ಚಲನಚಿತ್ರದಲ್ಲಿ ನಮ್ಮ ಮುಳುಗಡೆಯ ನಾಡಿನ ಹೆಂಗಸಾಗಿ ಅಭಿನಯಿಸಿದ ಸೌಂದರ್ಯ ಅವರು 2004ನೆಯ ಇಸವಿಯ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಒಂದು ಸಣ್ಣ ವಿಮಾನದಲ್ಲಿ ಹೊರಟು, ಅದು ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಬಿದ್ದು, ಜೊತೆಯವರೊಡನೆ ತೀರಿಹೋದದ್ದನ್ನು ಅವರು ಮರೆತಿರಲಿಲ್ಲ. ಅದು ಕಲಿಕೆಯ ಪ್ರಯಾಣವಾಗಿರಲಿಲ್ಲ. ಆದರೂ ತಾಯಿಯ ಮನಸ್ಸು ಅಂಥ ಭೇದವನ್ನು ಎಣಿಸುವುದಿಲ್ಲ.

ನಿಜವನ್ನು ಹೇಳುವುದಾದರೆ, ಬೇಡವೆಂದು ಹೇಳಿ ಕಳುಹಿಸಿಬಿಡೋಣವೆಂದು ನಮಗೂ ಮೊದಲು ತೋಚಿತು. ಆದರೆ ವಿಷಯವನ್ನು ತಿಳಿಯದೆ ಬೇಡವೆನ್ನುವುದು ಉಪಾಧ್ಯಾಯರಿಗೆ ತಕ್ಕುದಲ್ಲ. ಒಂದು ವಾರದ ಅವಕಾಶವನ್ನು ಕೇಳಿಕೊಂಡು, ಆ ಸಣ್ಣ ವಿಮಾನಗಳು ಏತಕ್ಕೆ ಬೀಳುತ್ತವೆ ಎಂಬುದನ್ನು ಓದತೊಡಗಿದೆವು. ಓದುತ್ತ ಹೋದಂತೆ ನಮ್ಮ ಬೆಂಗಳೂರಿನಲ್ಲಿಯೇ ಇದ್ದು, ಕಲಿಯುವವರಿಗಾಗಿ ವಿಮಾನಗಳನ್ನು ರಚಿಸಿದ ಒಬ್ಬರ ಹೆಸರು ಮೇಲಿಂದ ಮೇಲೆ ಕಾಣಬಂತು. ಅವರೇ ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು.

ಘಾಟಗೆಯವರು 1908ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ, ಈಗಿನ ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ಸೀಮೆಯ ಒಂದು ಹಳ್ಳಿಯಲ್ಲಿ ಜನಿಸಿದರು. ಆ ಸೀಮೆಯು ನಮ್ಮ ಬೆಳಗಾವಿ ಜಿಲ್ಲೆಗೆ ತಾಗಿಕೊಂಡಿದ್ದು, ಮರಾಠಿಯೊಡನೆ ಕನ್ನಡದ ಮಾತೂ ಕಿವಿಗೆ ಬೀಳತಕ್ಕ ಪ್ರದೇಶವಾಗಿದೆ. ಅಮೆರಿಕದಲ್ಲಿ ರೈಟ್ ಸಹೋದರರು ಎಂಜಿನ್ನುಳ್ಳ ವಿಮಾನವನ್ನು ಮೊದಲು ಹಾರಿಸಿದ್ದು 1903ನೆಯ ಇಸವಿಯ ಡಿಸೆಂಬರ್ 17ರಂದು. ಹೀಗೆ ವಿಮಾನವಿದ್ಯೆಗೂ ಈ ಬಾಲಕನಿಗೂ ಐದೇ ವರ್ಷಗಳ ಅಂತರ. ಆ ಹಳ್ಳಿಯ ಮಗುವು ಮುಂದೆ ವಿಮಾನಗಳನ್ನು ಕಟ್ಟುವುದೆಂದು ಆಗ ಯಾರೂ ಊಹಿಸಿರಲಾರರು. ಆದರೆ ಎತ್ತಿನ ಬಂಡಿಯ ಹಾದಿಯಲ್ಲಿ ನಡೆದು ಶಾಲೆಗೆ ಬಂದ ಮಕ್ಕಳು ಎಲ್ಲಿಯವರೆಗೆ ಹೋಗಬಲ್ಲರೆಂಬುದನ್ನು ಉಪಾಧ್ಯಾಯರಾದ ನಾವು ಎಷ್ಟೋ ಸಲ ಕಂಡಿರುವೆವು.

ಮುಂಬಯಿಯಲ್ಲಿ ಉಚ್ಚ ವ್ಯಾಸಂಗವನ್ನು ಮುಗಿಸಿಕೊಂಡು, ಘಾಟಗೆಯವರು ಜರ್ಮನಿಯ ಗಟಿಂಗನ್ ನಗರದ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಆಚಾರ್ಯರ ಬಳಿಯಲ್ಲಿ ಅಭ್ಯಾಸ ಮಾಡಿ, 1936ನೆಯ ಇಸವಿಯಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಈ ಗುರುಗಳ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗಕೂಡದು. ಏಕೆಂದರೆ ಶಿಷ್ಯರು ಆಮೇಲೆ ಮಾಡಿದ ಕೆಲಸಕ್ಕೂ, ನಮ್ಮ ಹಳೆಯ ವಿದ್ಯಾರ್ಥಿನಿಯ ಭಯಕ್ಕೂ ಮೂಲವು ಅಲ್ಲಿಯೇ ಇದೆ.

ಜರ್ಮನಿಯಲ್ಲಿ ಪ್ರಾಂಟ್ಲರಿಗಿಂತ ಮುಂಚೆ ಓಟೋ ಲಿಲಿಯಂತಾಲ್ ಎಂಬವರೊಬ್ಬರಿದ್ದರು. ಅವರು ಎಂಜಿನ್ನಿಲ್ಲದ ರೆಕ್ಕೆಗಳನ್ನು ಮೈಗೆ ಕಟ್ಟಿಕೊಂಡು, ಗುಡ್ಡಗಳ ಮೇಲಿನಿಂದ ಸುಮಾರು ಎರಡು ಸಾವಿರ ಸಲ ಗಾಳಿಯಲ್ಲಿ ತೇಲಿದವರು. 1896ನೆಯ ಇಸವಿಯ ಆಗಸ್ಟ್ 9ರಂದು ಗಾಳಿಯ ಒಂದು ಹೊಡೆತಕ್ಕೆ ಅವರ ರೆಕ್ಕೆಯ ಮೂತಿಯು ಮೇಲೆದ್ದು, ಅದು ಅಲ್ಲಿಯೇ ಕಸುವು ಕಳೆದುಕೊಂಡು ನೆಲಕ್ಕೆ ಬಿತ್ತು. ಮಾರನೆಯ ದಿನ ಅವರು ಮೃತರಾದರು. ಎರಡು ಸಾವಿರ ಸಲ ಹೊತ್ತುಕೊಂಡು ಹೋದ ರೆಕ್ಕೆಯು ಆ ಒಂದು ಸಲ ಏತಕ್ಕೆ ಕೈಬಿಟ್ಟಿತು? ಗಾಳಿಯು ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡಂತೆ ಹರಿಯುವವರೆಗೆ ರೆಕ್ಕೆಯು ಭಾರವನ್ನು ಹೊರುತ್ತದೆ. ಮೂತಿಯನ್ನು ಮಿತಿಮೀರಿ ಎತ್ತಿದಾಗ, ಅಂದರೆ ರೆಕ್ಕೆಯು ಎದುರುಗಾಳಿಗೆ ಸುಮಾರು 15 ಅಂಶಗಳಿಗಿಂತ ಹೆಚ್ಚು ಓರೆಯಾದಾಗ, ಗಾಳಿಯು ರೆಕ್ಕೆಯನ್ನು ಬಿಟ್ಟು ಸುಳಿಸುಳಿಯಾಗಿ ಚೆದರುತ್ತದೆ. ಆಗ ಎಂಜಿನ್ನು ಎಷ್ಟು ಚೆನ್ನಾಗಿ ಓಡುತ್ತಿದ್ದರೂ ವಿಮಾನವು ಕುಸಿಯುವುದು. ವಿಮಾನದವರು ಇದನ್ನು ಸ್ಟಾಲ್ ಎಂದು ಕರೆಯುತ್ತಾರೆ. ಹರಿಯುವ ಗಾಳಿಯು ಮೈಯನ್ನು ಹೇಗೆ ಅಂಟಿಕೊಳ್ಳುತ್ತದೆ, ಹೇಗೆ ಬಿಡುತ್ತದೆ ಎಂಬುದರ ರಹಸ್ಯವನ್ನು 1904ನೆಯ ಇಸವಿಯಲ್ಲಿ ಒಂದು ಚಿಕ್ಕ ಪ್ರಬಂಧದಿಂದ ಲೋಕಕ್ಕೆ ತಿಳಿಸಿದವರೇ ಪ್ರಾಂಟ್ಲರು. ಆದುದರಿಂದ ವಿಮಾನವು ಹಾರುವುದು ಹೇಗೆಂಬುದರೊಡನೆ ಬೀಳುವುದು ಏತಕ್ಕೆಂಬುದನ್ನೂ ಘಾಟಗೆಯವರು ಮೂಲದಲ್ಲಿಯೇ ಕಲಿತು ಬಂದರೆಂದು ಹೇಳಬಹುದು.

ಆ ಕಾಲದಲ್ಲಿ ನಮ್ಮ ದೇಶದಲ್ಲಿ ವಿಮಾನದ ಕಾರ್ಖಾನೆ ಇರಲಿಲ್ಲ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಗಳು ಮೈಸೂರು ಸಂಸ್ಥಾನದ ಸಹಾಯದಿಂದ 1940ನೆಯ ಇಸವಿಯ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ಅವರು ಸಂಸ್ಥಾನದ ದಿವಾನರಾಗಿದ್ದರು. ಘಾಟಗೆಯವರು ಮೊದಲಿನ ದಿನಗಳಲ್ಲಿಯೇ ಈ ಕಾರ್ಖಾನೆಯನ್ನು ಸೇರಿದರು. ಅವರಿಗೆ ಆಗ ಮೂವತ್ತೆರಡು ವರ್ಷ. 1941ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಈ ಕಾರ್ಖಾನೆಯಿಂದ ಹೊರಟ ಮೊದಲನೆಯ ವಿಮಾನವು ಹಾರ್ಲೋ ಎಂಬ ಅಮೆರಿಕದ ಮಾದರಿಯ ತರಬೇತಿ ವಿಮಾನವೇ ಎಂಬುದು ಗಮನಿಸತಕ್ಕ ಸಂಗತಿ. ಬೇರೆಯವರ ಮಾದರಿಯನ್ನು ಜೋಡಿಸುವುದರಲ್ಲಿಯೇ ತೃಪ್ತರಾಗದೆ, ಘಾಟಗೆಯವರು ಹತ್ತು ಜನರು ಕುಳಿತುಕೊಳ್ಳಬಹುದಾದ ಎಂಜಿನ್ನಿಲ್ಲದ ಒಂದು ಗ್ಲೈಡರನ್ನು ತಾವೇ ರಚಿಸಿದರು. ನಮ್ಮ ನೆಲದಲ್ಲಿ ನಮ್ಮವರೇ ಲೆಕ್ಕ ಹಾಕಿ ಕಟ್ಟಿದ ಮೊದಲಿನ ಕೃತಿಗಳಲ್ಲಿ ಅದು ಒಂದು.

ಅಷ್ಟರಲ್ಲಿ ಯುದ್ಧವು ಬಲವಾಗಿ, ಕಾರ್ಖಾನೆಯು ಯುದ್ಧವಿಮಾನಗಳನ್ನು ದುರಸ್ತಿ ಮಾಡುವ ಕೆಲಸಕ್ಕೆ ತಿರುಗಿತು. 1942ನೆಯ ಇಸವಿಯ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆದಾಗ, ಅದನ್ನು ಮೊದಲು ನಡೆಸುವ ಭಾರವು ಘಾಟಗೆಯವರ ಮೇಲೆ ಬಿತ್ತು. ಕೆಲವು ವರ್ಷಗಳ ಕಾಲ ಅವರು ಪಾಠ ಹೇಳುವವರಾದರು. ನಮ್ಮ ವೃತ್ತಿಯವರಾದ್ದರಿಂದ ಈ ಭಾಗವು ನಮಗೆ ವಿಶೇಷ ಪ್ರಿಯವಾಗಿರುವುದು. ತರಗತಿಯಲ್ಲಿ ನಿಂತವರಿಗೆ ಒಂದು ವಿಷಯವು ಬೇಗನೆ ತಿಳಿಯುತ್ತದೆ. ಮಕ್ಕಳು ತಪ್ಪು ಮಾಡುವುದು ಅವರವರ ಇಷ್ಟದಂತೆ ಅಲ್ಲ; ಒಂದೇ ಬಗೆಯ ಲೆಕ್ಕದಲ್ಲಿ ಒಂದೇ ಬಗೆಯ ತಪ್ಪನ್ನು ವರ್ಷ ವರ್ಷವೂ ಮಾಡುತ್ತಾರೆ. ವಿಮಾನ ಕಲಿಯುವವರ ವಿಷಯವೂ ಹೀಗೆಯೇ. ಕಲಿಕೆಯ ವಿಮಾನವನ್ನು ರಚಿಸುವವನು ಇನ್ನೂ ಹುಟ್ಟಿರದ ಶಿಷ್ಯನ ತಪ್ಪುಗಳನ್ನು ಮೊದಲೇ ಎಣಿಸಿ, ಅವುಗಳಿಗೆ ಎಡೆಯಿಟ್ಟು ಕಟ್ಟಬೇಕು.

ಸ್ವಾತಂತ್ರ್ಯ ಬಂದ ಮೇಲೆ ಘಾಟಗೆಯವರು ಕಾರ್ಖಾನೆಯಲ್ಲಿ ಕೈಕೊಂಡ ದೊಡ್ಡ ಕೆಲಸವು ಇಂಥ ವಿಮಾನವೇ ಆಗಿತ್ತು. ಅದುವರೆಗೆ ನಮ್ಮ ವಾಯುಪಡೆಯ ಎಳೆಯರು ಟೈಗರ್ ಮಾತ್ ಎಂಬ ಇಂಗ್ಲಿಷ್ ವಿಮಾನದಲ್ಲಿ ಕಲಿಯುತ್ತಿದ್ದರು. ಅದು ಒಂದರ ಮೇಲೊಂದು ಎರಡು ರೆಕ್ಕೆಗಳುಳ್ಳ, ಬಟ್ಟೆ ಹೊದಿಸಿದ ಹಳೆಯ ಕಾಲದ ವಿಮಾನ. ಅದರ ಬದಲಿಗೆ ಘಾಟಗೆಯವರೂ ಅವರ ಸಂಗಡಿಗರೂ ಎಚ್‌ಟಿ-2 ಎಂಬ ವಿಮಾನವನ್ನು ರಚಿಸಿದರು. ಇದರ ಮೈಯೆಲ್ಲವೂ ಲೋಹದ್ದು. ರೆಕ್ಕೆಯು ಒಂದೇ ಜೊತೆ, ಕೆಳಗಡೆ ಜೋಡಿಸಿದ್ದು. ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುವಂತೆ ಎರಡು ಆಸನಗಳು. ಎರಡರಲ್ಲಿಯೂ ವಿಮಾನವನ್ನು ನಡೆಸುವ ಕೋಲು, ಕಾಲಿನ ಪೆಡಲುಗಳು. 1951ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕ್ಯಾಪ್ಟನ್ ಮುನ್ಷಿ ಎಂಬ ವೈಮಾನಿಕರು ಇದನ್ನು ಬೆಂಗಳೂರಿನಲ್ಲಿ ಮೊದಲು ಹಾರಿಸಿದರು. ಮುಂದೆ 155 ಅಶ್ವಶಕ್ತಿಯ ಎಂಜಿನ್ನನ್ನು ಅದಕ್ಕೆ ಕೂಡಿಸಲಾಯಿತು. 1953ನೆಯ ಇಸವಿಯಿಂದ ಅದು ವಾಯುಪಡೆಯನ್ನು ಸೇರತೊಡಗಿ, ಒಟ್ಟು ಸುಮಾರು 170 ವಿಮಾನಗಳು ಸಿದ್ಧವಾದವು. ಆಫ್ರಿಕದ ಘಾನಾ ದೇಶದ ವಾಯುಪಡೆಯು ಹೊಸದಾಗಿ ಹುಟ್ಟಿದಾಗ ಅಲ್ಲಿಯವರು ಮೊದಲ ಪಾಠವನ್ನು ಕಲಿತದ್ದೂ ಬೆಂಗಳೂರಿನ ಈ ವಿಮಾನದಲ್ಲಿಯೇ.

ಕಲಿಯುವವರು ಸಾಮಾನ್ಯವಾಗಿ ಎಡವುವ ಸ್ಥಳಗಳನ್ನು ಈಗ ಒಂದೊಂದಾಗಿ ಹೇಳಬೇಕು. ಅವುಗಳನ್ನು ತಿಳಿಯದೆ ಘಾಟಗೆಯವರ ಕೆಲಸದ ಬೆಲೆಯು ತಿಳಿಯಲಾರದು.

ಮೊದಲನೆಯದು ನೆಲದ ಮೇಲೆಯೇ ಆಗತಕ್ಕದ್ದು. ಎಚ್‌ಟಿ-2 ಮುಂತಾದ ಹಳೆಯ ಕಾಲದ ಸಣ್ಣ ವಿಮಾನಗಳಿಗೆ ಮುಂದೆ ಎರಡು ದೊಡ್ಡ ಚಕ್ರಗಳೂ ಬಾಲದ ಅಡಿಯಲ್ಲಿ ಒಂದು ಚಿಕ್ಕ ಚಕ್ರವೂ ಇರುತ್ತವೆ. ಭಾರವು ಮುಂದಿನ ಚಕ್ರಗಳ ಹಿಂದೆ ಬೀಳುವುದರಿಂದ, ಇಳಿದು ಓಡುವಾಗ ಮೂತಿಯು ತುಸು ಪಕ್ಕಕ್ಕೆ ತಿರುಗಿದರೂ ಬಾಲವು ಮುಂದಕ್ಕೆ ನುಗ್ಗಿ ಇಡೀ ವಿಮಾನವು ಗಿರ್ರನೆ ಸುತ್ತಿಬಿಡುವುದು. ರೆಕ್ಕೆಯ ತುದಿಯು ನೆಲಕ್ಕೆ ಬಡಿಯುತ್ತದೆ, ಚಕ್ರದ ಕಾಲು ಮುರಿಯುತ್ತದೆ. ಪ್ರಾಣಕ್ಕೆ ಹಾನಿಯಾಗುವುದು ಅಪರೂಪವೇ ಸರಿ, ಆದರೆ ಈ ಬಗೆಯ ಅಪಘಾತಗಳು ಬಹಳ. ಈಚಿನ ತರಬೇತಿ ವಿಮಾನಗಳಿಗೆ ಮೂತಿಯ ಅಡಿಯಲ್ಲಿ ಚಕ್ರವನ್ನಿಟ್ಟಿರುವುದಕ್ಕೆ ಇದೂ ಒಂದು ಕಾರಣ. ಚಕ್ರವು ಎಲ್ಲಿದ್ದರೂ, ಇಳಿಯುವಾಗ ಅಡ್ಡಗಾಳಿ ಬೀಸುವುದು, ವೇಗ ಹೆಚ್ಚಾಗಿ ಚೆಂಡಿನಂತೆ ಪುಟಿಯುವುದು, ಪುಟಿದದ್ದನ್ನು ಬಲವಂತದಿಂದ ನೆಲಕ್ಕೆ ಒತ್ತುವುದು ಇವು ಹೊಸಬರನ್ನು ಈಗಲೂ ಕಾಡುತ್ತವೆ.

ಎರಡನೆಯದು ಮಾರಕವಾದದ್ದು. ವಿಮಾನವು ನೇರವಾಗಿ ಹೋಗುವಾಗ ಸ್ಟಾಲ್ ಆಗುವ ವೇಗವು ಒಂದಾದರೆ, ಓರೆಯಾಗಿ ತಿರುಗುವಾಗ ಅದು ಬೇರೆ. ನೇರವಾಗಿ ಹೋಗುವಾಗ ಗಂಟೆಗೆ 80 ಕಿಲೊಮೀಟರ್ ವೇಗಕ್ಕಿಳಿದಾಗ ಕುಸಿಯುವ ವಿಮಾನವು, ಎತ್ತರವನ್ನು ಬಿಡದೆ 60 ಅಂಶ ವಾಲಿ ತಿರುಗುವಾಗ 113 ಕಿಲೊಮೀಟರ್ ವೇಗದಲ್ಲಿಯೇ ಕುಸಿಯುವುದು. ಕಲಿಯುವವನು ಇಳಿಯಲು ಬರುತ್ತಾನೆ. ಗಾಳಿಯು ಹಿಂದಿನಿಂದ ತಳ್ಳಿದ್ದರಿಂದ ಓಟದ ಹಾದಿಯನ್ನು ದಾಟಿಹೋಗುತ್ತೇನೆಂದು ಅವನಿಗೆ ತೋರುತ್ತದೆ. ವಿಮಾನವನ್ನು ಹೆಚ್ಚು ವಾಲಿಸುವುದಕ್ಕೆ ಅಂಜಿ, ಕಾಲಿನಿಂದ ಚುಕ್ಕಾಣಿಯನ್ನು ಒತ್ತಿ ಮೂತಿಯನ್ನು ತಿರುವುತ್ತಾನೆ. ಮೂತಿಯು ತಗ್ಗುವುದನ್ನು ಕಂಡು ಕೋಲನ್ನು ಎದೆಯ ಕಡೆಗೆ ಎಳೆಯುತ್ತಾನೆ. ಒಳಗಡೆಯ ರೆಕ್ಕೆಯು ಮೊದಲು ಕಸುವು ಕಳೆದುಕೊಂಡು ಕೆಳಗಾಗಿ, ವಿಮಾನವು ಬುಗುರಿಯಂತೆ ಸುತ್ತುತ್ತ ಬೀಳತೊಡಗುವುದು. ಇದಕ್ಕೆ ಸ್ಪಿನ್ ಎಂದು ಹೆಸರು.

ಇದರಿಂದ ಪಾರಾಗುವ ಉಪಾಯವು ಗೊತ್ತಿಲ್ಲದ್ದೇನೂ ಅಲ್ಲ. ಎಂಜಿನ್ನಿನ ಶಕ್ತಿಯನ್ನು ಇಳಿಸಿ, ಸುತ್ತುವ ದಿಕ್ಕಿಗೆ ಎದುರಾಗಿ ಚುಕ್ಕಾಣಿಯನ್ನು ಒತ್ತಿ, ಕೋಲನ್ನು ಮುಂದಕ್ಕೆ ದೂಡಿದರೆ ಸಾಮಾನ್ಯವಾಗಿ ವಿಮಾನವು ಸರಿಯಾಗುತ್ತದೆ. ಆದರೆ ಅದಕ್ಕೆ ನೂರಾರು ಅಡಿಗಳ, ಕೆಲವು ಸಲ ಸಾವಿರ ಅಡಿಗೂ ಮಿಕ್ಕ ಎತ್ತರವು ಬೇಕು. ಇಳಿಯುವವನ ಕೈಯಲ್ಲಿ ಅಷ್ಟು ಎತ್ತರವಿಲ್ಲ. ಏರುವಾಗ ಎಂಜಿನ್ನು ನಿಂತರೂ ಇದೇ ಅಪಾಯವು ಒದಗುವುದು. ಬಿಟ್ಟುಬಂದ ಹಾದಿಗೆ ಹಿಂದಿರುಗಬೇಕೆಂಬ ಆಸೆಯಿಂದ ತಗ್ಗಿನಲ್ಲಿಯೇ ತಿರುಗಿಸಿ ಪ್ರಾಣ ಕಳೆದುಕೊಂಡವರು ಅನೇಕರು. ಎದುರಿಗೆ ಕಾಣುವ ಹೊಲದಲ್ಲಿಯೋ ಬಯಲಿನಲ್ಲಿಯೋ ಇಳಿಸಿ, ವಿಮಾನವು ಮುರಿದರೆ ಮುರಿಯಲಿ ಎನ್ನುವವರೇ ಹೆಚ್ಚಾಗಿ ಬದುಕುವರು.

ಇಲ್ಲಿ ವಿಮಾನವನ್ನು ರಚಿಸುವವರ ಕೈಚಳಕವು ನೆರವಾಗುವುದು. ರೆಕ್ಕೆಯನ್ನು ಬುಡದಿಂದ ತುದಿಗೆ ತುಸು ತಿರುಚಿ ಕಟ್ಟಿದರೆ ಬುಡವು ಮೊದಲು ಕಸುವು ಕಳೆದುಕೊಂಡು, ತುದಿಯು ಇನ್ನೂ ಸ್ವಲ್ಪ ಹೊತ್ತು ಹಿಡಿತದಲ್ಲಿರುತ್ತದೆ. ಗಾಳಿಯ ಸುಳಿಗಳು ಬಾಲಕ್ಕೆ ಬಡಿದು ವಿಮಾನವು ನಡುಗುವುದರಿಂದ ಕಲಿಯುವವನಿಗೆ ಮುನ್ಸೂಚನೆ ದೊರೆಯುವುದು. ಚುಕ್ಕಾಣಿಯು ಬಾಲದ ರೆಕ್ಕೆಯ ಮರೆಯಲ್ಲಿ ಅಡಗದಂತೆ ಇಟ್ಟರೆ, ಸುತ್ತಿ ಬೀಳುವಾಗಲೂ ಅದಕ್ಕೆ ಗಾಳಿ ತಾಗಿ ಅದು ಕೆಲಸ ಮಾಡುವುದು. ಆದರೆ ಮಿತಿಮೀರಿ ಸಾಧುವಾದ ವಿಮಾನವೂ ಕಲಿಕೆಗೆ ಒಳ್ಳೆಯದಲ್ಲ. ಮುಂದೆ ಯುದ್ಧವಿಮಾನವನ್ನು ನಡೆಸತಕ್ಕವನು ಸ್ಪಿನ್ನಿಗೆ ಬಿದ್ದು ಏಳುವುದನ್ನು ಎಳೆತನದಲ್ಲಿಯೇ ಅಭ್ಯಾಸ ಮಾಡಬೇಕು. ಕಲಿಕೆಯ ವಿಮಾನವು ಮಕ್ಕಳ ಹಲಗೆಯಂತೆ. ಬರೆದ ತಪ್ಪು ಅದರಲ್ಲಿ ಕಾಣಬೇಕು, ಅಳಿಸುವುದಕ್ಕೂ ಬರಬೇಕು. ಆದರೆ ಆಕಾಶದಲ್ಲಿ ಅಳಿಸಲು ಬೇಕಾದದ್ದು ಎತ್ತರ. ಅದನ್ನು ವಿಮಾನ ಕಟ್ಟಿದವರು ಕೊಡಲಾರರು, ನಡೆಸುವವರೇ ಉಳಿಸಿಕೊಳ್ಳಬೇಕು.

ಸೈನ್ಯಕ್ಕೆ ಸೇರದ ಸಾಮಾನ್ಯ ಜನರೂ ವಿಮಾನವಿದ್ಯೆಯನ್ನು ಕಲಿಯುವಂತಾಗಬೇಕೆಂದು ಕಾರ್ಖಾನೆಯವರು ಘಾಟಗೆಯವರ ಕಾಲದಲ್ಲಿಯೇ ಪುಷ್ಪಕ ಎಂಬ ಚಿಕ್ಕ ವಿಮಾನವನ್ನು ಸಿದ್ಧಪಡಿಸಿದರು. 1958ನೆಯ ಇಸವಿಯಲ್ಲಿ ಅದು ಮೊದಲು ಹಾರಿತು. ರೆಕ್ಕೆಯು ತಲೆಯ ಮೇಲೆ, ಬಟ್ಟೆಯ ಹೊದಿಕೆ, ಕೇವಲ 90 ಅಶ್ವಶಕ್ತಿಯ ಎಂಜಿನ್ನು, ಗುರುವೂ ಶಿಷ್ಯನೂ ಪಕ್ಕಪಕ್ಕದಲ್ಲಿ ಕೂಡುವ ಏರ್ಪಾಡು. ಸುಮಾರು 150 ಪುಷ್ಪಕಗಳು ದೇಶದ ನಾನಾ ಊರುಗಳ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಬೆಂಗಳೂರಿನ ಜಕ್ಕೂರಿನಲ್ಲಿ 1949ನೆಯ ಇಸವಿಯಲ್ಲಿಯೇ ಸರಕಾರದ ವಿಮಾನ ತರಬೇತಿ ಶಾಲೆಯು ಸ್ಥಾಪಿತವಾಗಿತ್ತು. ಅಲ್ಲಿ ಮೊದಲ ಕಾಲದಲ್ಲಿ ಕಲಿತು ಹೆಸರಾದವರಲ್ಲಿ ಉಷಾ ಸುಂದರಂ ಅವರು ಒಬ್ಬರು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು.

ಪುಷ್ಪಕದಂಥ ಸಣ್ಣ ವಿಮಾನಗಳ ಬಳಕೆಯಲ್ಲಿ ಅಪಘಾತಕ್ಕೆ ಇನ್ನೂ ಕೆಲವು ಕಾರಣಗಳು ಕಂಡುಬಂದಿವೆ. ಅವು ಒಂದೂ ದೊಡ್ಡವಲ್ಲ. ಪೆಟ್ರೋಲು ಎಷ್ಟಿದೆ ಎಂದು ಇಣಿಕಿ ನೋಡದೆ ಹೊರಡುವುದು ಒಂದು. ಟಾಂಕಿಯಲ್ಲಿ ಸೇರಿದ ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಂತು ಎಂಜಿನ್ನನ್ನು ಕೆಡಿಸುತ್ತದೆ. ಹೊರಡುವ ಮುಂಚೆ ತಳದಿಂದ ಒಂದಿಷ್ಟನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಸಾಕು, ಈ ಅಪಾಯವು ತಪ್ಪುವುದು. ಇನ್ನೊಂದು ಸಂಗತಿಯು ನಮ್ಮ ಮಲೆನಾಡಿನವರಿಗೆ ಆಶ್ಚರ್ಯವೆನಿಸೀತು. ಎಂಜಿನ್ನಿನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಗಾಳಿಯು ಬಹಳ ತಣ್ಣಗಾಗುವುದರಿಂದ, ಹೊರಗೆ ಸೆಕೆಯಿದ್ದರೂ ಗಾಳಿಯಲ್ಲಿ ತೇವವು ಹೆಚ್ಚಾಗಿದ್ದರೆ ಅದರ ಗಂಟಲಿನಲ್ಲಿ ಹಿಮವು ಕಟ್ಟಿಕೊಳ್ಳುವುದು. ಎಂಜಿನ್ನು ಮೆಲ್ಲನೆ ಸೊರಗಿ ನಿಲ್ಲುವುದು. ಅದಕ್ಕಾಗಿಯೇ ಬಿಸಿಗಾಳಿಯನ್ನು ಬಿಡುವ ಒಂದು ಹಿಡಿಯನ್ನು ಇಟ್ಟಿರುತ್ತಾರೆ. ಎಳೆಯಲು ಮರೆತವರಿಗೆ ಅದು ಇದ್ದೂ ಇಲ್ಲದಂತೆ.

ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿಗಳ ಎತ್ತರದಲ್ಲಿದೆ. ಎತ್ತರದ ನೆಲದಲ್ಲಿ, ಅದೂ ಬಿಸಿಲಿನ ಹೊತ್ತಿನಲ್ಲಿ, ಗಾಳಿಯು ತೆಳುವಾಗಿರುತ್ತದೆ. ಎಂಜಿನ್ನಿಗೂ ರೆಕ್ಕೆಗೂ ಕಸುವು ತಗ್ಗಿ, ಸಮುದ್ರತೀರದಲ್ಲಿ ಸುಲಭವಾಗಿ ಏರುವ ವಿಮಾನವು ಇಲ್ಲಿ ಉದ್ದವಾದ ಓಟವನ್ನು ಬೇಡುತ್ತದೆ. ಭಾರವು ಹೆಚ್ಚಾಗಿದ್ದರೆ ಏರುವುದೇ ಕಷ್ಟ. ಮೋಡವಂತೂ ಕಲಿಯುವವರಿಗೆ ದೊಡ್ಡ ವೈರಿ. ವರದಹಳ್ಳಿಯ ಗುಡ್ಡದ ಮೇಲೆ ಆಷಾಢದ ಬೆಳಿಗ್ಗೆ ನಿಂತವರಿಗೆ ಮಂಜು ಕವಿದಾಗ ಎರಡು ಮಾರು ಆಚೆಯ ಮರವೂ ಕಾಣದೆ ಹೋಗುವುದು ಗೊತ್ತು. ನೆಲದ ಮೇಲಿರುವವರು ಅಲ್ಲಿಯೇ ನಿಂತು ಕಾಯಬಹುದು. ವಿಮಾನದಲ್ಲಿರುವವರಿಗೆ ನಿಲ್ಲುವಂತಿಲ್ಲ. ಬಾನಂಚು ಕಾಣದಾದಾಗ ದೇಹವು ಸುಳ್ಳು ಹೇಳತೊಡಗುತ್ತದೆ. ವಾಲಿದ ವಿಮಾನವು ನೇರವಾಗಿರುವಂತೆಯೂ, ನೇರವಾದದ್ದು ವಾಲಿದಂತೆಯೂ ತೋರುವುದು. ಮೀಟರುಗಳನ್ನು ನಂಬುವ ಅಭ್ಯಾಸವಿಲ್ಲದವರು ಕೆಲವೇ ನಿಮಿಷಗಳಲ್ಲಿ ವಿಮಾನದ ಮೇಲಿನ ಹತೋಟಿಯನ್ನು ಕಳೆದುಕೊಳ್ಳುವರು.

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ನೋವುಂಟುಮಾಡಿದ ಕಾರಣವೊಂದುಂಟು. ಒಂಟಿಯಾಗಿ ಹಾರಲು ಅಪ್ಪಣೆ ದೊರೆತ ಕೆಲವು ದಿನಗಳಲ್ಲಿಯೇ ಎಳೆಯರು ತಮ್ಮ ಮನೆಯ ಮೇಲೆಯೋ ಗೆಳೆಯರ ಎದುರಿಗೋ ತೀರ ತಗ್ಗಿನಲ್ಲಿ ಹಾರಿಸಿ, ಮರಕ್ಕೋ ತಂತಿಗೋ ಬಡಿದು ಸತ್ತ ಉದಾಹರಣೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಇದಕ್ಕೆ ಎಂಜಿನ್ನೂ ಕಾರಣವಲ್ಲ, ಗಾಳಿಯೂ ಕಾರಣವಲ್ಲ.

ಗುರುಶಿಷ್ಯರಿಬ್ಬರೂ ಜೊತೆಯಲ್ಲಿರುವಾಗಲೂ ಅಪಘಾತವು ಆಗುವುದುಂಟು. ವಿಮಾನವನ್ನು ಈಗ ನಡೆಸುತ್ತಿರುವವರು ಯಾರು ಎಂಬುದರಲ್ಲಿಯೇ ತಪ್ಪು ತಿಳಿವಳಿಕೆಯಾಗಿ, ಶಿಷ್ಯನು ಗುರುವಿನ ಕೈಯಲ್ಲಿದೆಯೆಂದೂ ಗುರುವು ಶಿಷ್ಯನ ಕೈಯಲ್ಲಿದೆಯೆಂದೂ ನಂಬಿ ಕುಳಿತಿರುವುದುಂಟು. ಆದುದರಿಂದ ಹಿಡಿತವನ್ನು ಒಪ್ಪಿಸುವವರು ಬಾಯಿ ಬಿಟ್ಟು ಹೇಳಬೇಕು, ವಹಿಸಿಕೊಳ್ಳುವವರೂ ಬಾಯಿ ಬಿಟ್ಟು ಒಪ್ಪಬೇಕು ಎಂಬ ಕಟ್ಟುನಿಟ್ಟಾದ ನಿಯಮವಿದೆ. ಗುರುವು ಬೇಗ ಕೈಹಾಕಿದರೆ ಶಿಷ್ಯನು ಕಲಿಯುವುದಿಲ್ಲ. ತಡಮಾಡಿದರೆ ಇಬ್ಬರೂ ಉಳಿಯುವುದಿಲ್ಲ. ಎಷ್ಟು ಹೊತ್ತು ಕಾಯಬೇಕೆಂಬ ಈ ಅಳತೆಯು ನಮ್ಮ ವೃತ್ತಿಯಲ್ಲಿಯೂ ಅತ್ಯಂತ ಕಠಿಣವಾದದ್ದು.

ಘಾಟಗೆಯವರ ಮೇಲ್ವಿಚಾರಣೆಯಲ್ಲಿ ಆರಂಭವಾದ ಕಿರಣ ಎಂಬ ಜೆಟ್ ತರಬೇತಿ ವಿಮಾನದಲ್ಲಿ ಗುರುವೂ ಶಿಷ್ಯನೂ ಅಕ್ಕಪಕ್ಕದಲ್ಲಿ ಕೂಡುವ ವ್ಯವಸ್ಥೆಯಿತ್ತು. ಹೀಗಿದ್ದರೆ ಶಿಷ್ಯನ ಕೈಯೂ ಮುಖವೂ ಗುರುವಿಗೆ ಕಾಣುವುದು. ಅಪಾಯದಲ್ಲಿ ಕುಳಿತವರನ್ನು ಆಸನದ ಸಮೇತ ಹೊರಕ್ಕೆ ಎಸೆದು ಪ್ಯಾರಾಚೂಟಿನಿಂದ ಇಳಿಸುವ ಸಾಧನವೂ ಅದರಲ್ಲಿತ್ತು. 1964ನೆಯ ಇಸವಿಯ ಸೆಪ್ಟೆಂಬರ್ 4ರಂದು ಸುರಂಜನ್ ದಾಸ್ ಎಂಬ ವಿಖ್ಯಾತ ವೈಮಾನಿಕರು ಕಿರಣವನ್ನು ಮೊದಲು ಹಾರಿಸಿದರು. ಸುಮಾರು ಐವತ್ತೊಂಬತ್ತು ವರ್ಷಗಳ ಮೇಲೆ, 2023ನೆಯ ಇಸವಿಯ ಜೂನ್ 1ರಂದು, ವಾಯುಪಡೆಯ ಒಂದು ಕಿರಣ ವಿಮಾನವು ಚಾಮರಾಜನಗರದ ಸಮೀಪದಲ್ಲಿ ಬಿದ್ದು ನುಚ್ಚುನೂರಾಯಿತು. ಅದರಲ್ಲಿದ್ದವರು ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ. ಇಬ್ಬರೂ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡರು. ವಿಮಾನವು ಹೋಯಿತು, ಮಕ್ಕಳು ಮನೆಗೆ ಬಂದರು.

ಭಾರತ ಸರಕಾರವು ಘಾಟಗೆಯವರಿಗೆ 1965ನೆಯ ಇಸವಿಯಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು. ಅವರ ಶಿಷ್ಯರೂ ಶಿಷ್ಯರ ಶಿಷ್ಯರೂ ಮುಂದೆ ದೇಶದ ವಿಮಾನಕಾರ್ಯವನ್ನು ನಡೆಸಿದರು. ತುಂಬು ವಯಸ್ಸಿನವರಾಗಿ, 1991ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಅವರು ಇಹಲೋಕವನ್ನು ಬಿಟ್ಟರು. ವಿಮಾನಶಾಸ್ತ್ರದಲ್ಲಿ ಶ್ರೇಷ್ಠವಾದ ಕೆಲಸ ಮಾಡಿದವರಿಗೆ ಭಾರತೀಯ ವಿಮಾನಶಾಸ್ತ್ರ ಸಂಘದವರು ಅವರ ಹೆಸರಿನಲ್ಲಿ ಬಹುಮಾನವನ್ನು ಕೊಡುತ್ತ ಬಂದಿರುವರು. ಅವರ ನಿಜವಾದ ಸ್ಮಾರಕವು ಎಚ್‌ಟಿ-2ರಲ್ಲಿಯೂ ಪುಷ್ಪಕದಲ್ಲಿಯೂ ತಪ್ಪು ಮಾಡಿ, ತಿದ್ದಿಕೊಂಡು, ಸುಖವಾಗಿ ನೆಲಕ್ಕಿಳಿದ ಸಾವಿರಾರು ಎಳೆಯರೇ ಎಂದು ನಾವು ತಿಳಿಯುತ್ತೇವೆ. ಹಾಗೆ ಇಳಿದು ಬಂದದ್ದು ಪತ್ರಿಕೆಗಳಲ್ಲಿ ಅಚ್ಚಾಗುವುದಿಲ್ಲ.

ಒಂದು ವಾರದ ಮೇಲೆ ಆ ತಾಯಿಯೂ ಮಗಳೂ ಕೂಡಿ ಬಂದರು. ಅಪಾಯವಿಲ್ಲವೆಂದು ನಾವು ಹೇಳಲಿಲ್ಲ, ಅದು ಸುಳ್ಳಾಗುತ್ತಿತ್ತು. ಸಣ್ಣ ವಿಮಾನವು ಸಣ್ಣದಾದ್ದರಿಂದ ಬೀಳುವುದಿಲ್ಲ. ನೆಲಕ್ಕೆ ಹತ್ತಿರದಲ್ಲಿ, ಅವಸರದಲ್ಲಿ, ಎರಡು ಮೂರು ಸಣ್ಣ ತಪ್ಪುಗಳು ಒಟ್ಟುಗೂಡುವುದರಿಂದ ಬೀಳುತ್ತದೆ ಎಂದು ತಾಯಿಗೆ ವಿವರಿಸಿದೆವು. ಕಲಿಸುವ ಶಾಲೆಯನ್ನು ಆರಿಸುವಾಗ ಶುಲ್ಕವನ್ನು ಮಾತ್ರ ವಿಚಾರಿಸದೆ, ವಿಮಾನಗಳನ್ನು ಯಾರು ಪರೀಕ್ಷಿಸುವರು, ಬೋಧಕರು ಎಷ್ಟು ವರ್ಷಗಳ ಅನುಭವವುಳ್ಳವರು, ಹವೆ ಕೆಟ್ಟಾಗ ಪಾಠವನ್ನು ನಿಲ್ಲಿಸುವ ಧೈರ್ಯವು ಆ ಶಾಲೆಗಿದೆಯೇ ಎಂಬುದನ್ನು ಕೇಳತಕ್ಕದ್ದೆಂದು ತಿಳಿಸಿದೆವು. ಮಗಳಿಗೆ ಒಂದೇ ಪ್ರಶ್ನೆಯನ್ನು ಹಾಕಿದೆವು. ತಾನು ತಪ್ಪು ಮಾಡಿದೆನೆಂದು ಗುರುವಿನ ಎದುರಿಗೆ ಆ ಕ್ಷಣದಲ್ಲಿಯೇ ಒಪ್ಪಿಕೊಳ್ಳುವ ಸ್ವಭಾವ ಅವಳಲ್ಲಿದೆಯೇ, ಇಳಿಯಲಾರೆನೆಂದು ತೋರಿದಾಗ ನೋಡುವವರು ನಕ್ಕರೂ ಸರಿಯೆಂದು ಮತ್ತೊಮ್ಮೆ ಮೇಲಕ್ಕೆ ಎತ್ತಿಕೊಂಡು ಸುತ್ತಿ ಬರಬಲ್ಲಳೇ ಎಂದು ಕೇಳಿದೆವು.

ಅವಳು ಕೂಡಲೇ ಉತ್ತರವನ್ನು ಕೊಡಲಿಲ್ಲ. ತಲೆ ತಗ್ಗಿಸಿ ಸ್ವಲ್ಪ ಹೊತ್ತು ಯೋಚಿಸಿದಳು. ಆ ಮೌನವನ್ನು ಕಂಡು ನಮಗೆ ಧೈರ್ಯ ಬಂತು. ತಾಯಿಯ ಭಯವು ಪೂರ್ತಿಯಾಗಿ ಹೋಯಿತೆಂದು ನಾವು ಹೇಳಲಾರೆವು. ಆದರೆ ಹೊರಡುವಾಗ ಅವರು ಕೇಳಿದ್ದು ತರಬೇತಿಗೆ ಅರ್ಜಿ ಹಾಕುವ ಕೊನೆಯ ದಿನವು ಯಾವುದೆಂಬುದನ್ನು.